ಷಡ್ಡಕನ ಗಾಡಿಯ ಕಮಾನು

ನನಗೆ ಕೋಪ ಜಾಸ್ತಿ ಎಂದು ಮೀಸೆ ತಿರುವಿಕೊಂಡು ಹೇಳುವವರನ್ನು ನೋಡಿದ್ದೇನೆ. ನಾನು ಶುದ್ಧ ಸೋಮಾರಿ ಎಂದು ನಗುನಗುತ್ತ ಒಪ್ಪಿಕೊಳ್ಳುವವರೂ ಇದ್ದಾರೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ತಾವು ಹೊಟ್ಟೆಬಾಕರೆಂದು ಸ್ಟಾಫ್ ರೂಮಿನಲ್ಲಿ ದಿನವೂ ಸಾರುತ್ತಾರೆ. ಹಾಗೆ ಸಾರಿದ ಮೇಲೆ ಪಕ್ಕದವರ ಡಬ್ಬಿಯ ರೊಟ್ಟಿಗೆ ಕೈ ಹಾಕುವುದು ಅವರಿಗೆ ಸಲೀಸು. ಆದರೆ ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಬಾಯಿಬಿಟ್ಟು ಹೇಳಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಆ ಕೊರತೆ ಇವತ್ತಿಗೆ ನೀಗಲಿ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಒಮ್ಮೆ ಎದೆಯಿಂದ ಹೊಕ್ಕಳಿನವರೆಗೆ ಉರಿಯುತ್ತದೆಂದು ಮಳವಳ್ಳಿಯ ಡಾಕ್ಟರ ಬಳಿ ಹೋಗಿದ್ದೆ. ಅವರು ನಾಲಿಗೆ ನೋಡಿ, ಹೊಟ್ಟೆ ಅಮುಕಿ, ಖಾರ ಕಡಿಮೆ ಮಾಡಿ ಮಜ್ಜಿಗೆ ಕುಡಿಯಿರಿ ಎಂದರು. ಮನೆಗೆ ಬಂದು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ಬೀದಿಯಲ್ಲಿ ನನ್ನ ಷಡ್ಡಕನ ಗಾಡಿ ಹಾದುಹೋಯಿತು. ಮಜ್ಜಿಗೆ ಗಂಟಲಲ್ಲೇ ನಿಂತಿತು. ಕಾಯಿಲೆಯ ಹೆಸರು ಪುಟ್ಟಸ್ವಾಮಿ ಎಂದು ಡಾಕ್ಟರಿಗೆ ಹೇಗೆ ಹೇಳುವುದು?

ಪುಟ್ಟಸ್ವಾಮಿ ನನ್ನ ಹೆಂಡತಿ ಜಯಮ್ಮನ ತಂಗಿಯ ಗಂಡ. ಭಾರತೀನಗರ ಎಂದು ಬೋರ್ಡಿನಲ್ಲಿ ಬರೆದರೂ ಜನರ ಬಾಯಲ್ಲಿ ದೊಡ್ಡಿಯಾಗಿಯೇ ಉಳಿದಿರುವ ಊರಿನ ಪಕ್ಕದಲ್ಲಿ ಅವನ ಕಬ್ಬಿನ ಗದ್ದೆ. ನಾನು ಮಳವಳ್ಳಿಯಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಮಾವ ಹಲಗೂರಿನ ಬಳಿಯವರು, ಶಿವನಸಮುದ್ರದ ಕರೆಂಟು ಮನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಮಗ್ಗುಲಲ್ಲಿ ನಿಂತು ರಿಟೈರಾದವರು. ಅವರು ನನ್ನನ್ನು 'ಮೇಷ್ಟ್ರೇ, ಬನ್ನಿ, ಕುಂತ್ಕಳಿ' ಎನ್ನುತ್ತಾರೆ. ಪುಟ್ಟಸ್ವಾಮಿಯನ್ನು 'ಬಾರ್ಲಾ' ಎನ್ನುತ್ತಾರೆ. ಅವನು ಮಾವನವರಿಗೆ ಅಳಿಯ ಮಾತ್ರವಲ್ಲ, ಅಕ್ಕನ ಮಗ ಕೂಡ. ಅವರ ತೊಡೆಯ ಮೇಲೆ ಉಚ್ಚೆ ಹೊಯ್ದು ಬೆಳೆದವನು. ನನಗೆ ಚಾಪೆ ಹಾಸುತ್ತಾರೆ, ಅವನಿಗೆ ಚಾಪೆ ಹಾಸು ಎನ್ನುತ್ತಾರೆ. ನೋಡುವವರಿಗೆ ಮರ್ಯಾದೆ ನನ್ನದೇ ದೊಡ್ಡದು. ಆದರೆ ಊಟಕ್ಕೆ ಕೂತಾಗ ಮಾವನವರು ತಮ್ಮ ತಟ್ಟೆಯ ಮುದ್ದೆಯನ್ನು ಅರ್ಧ ಮುರಿದು ಹಾಕುವುದು ಅವನ ತಟ್ಟೆಗೆ. ನನ್ನನ್ನು 'ಸಾಕಾ ಮೇಷ್ಟ್ರೇ' ಎಂದು ಕೇಳುತ್ತಾರೆ. ಕೇಳಿಸಿಕೊಂಡವನು ಸಾಕು ಎನ್ನದೆ ಇನ್ನೇನು ಅಂದಾನು?

ಗಾಡಿಯ ಕಥೆ ಶುರುವಾದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಬೆಂಗಳೂರಿನಲ್ಲಿ ಮಿಲಿಟರಿಯವರು ಹಳೆಯ ಟ್ರಕ್ಕುಗಳನ್ನು ಹರಾಜಿಗೆ ಹಾಕಿದರು. ನಾಲ್ಕು ಚಕ್ರಕ್ಕೂ ಎಳೆತವಿರುವ, ಹಳ್ಳ, ಕೆಸರು, ಗದ್ದೆಬಯಲು ಎಂದು ನೋಡದೆ ನುಗ್ಗುವ ಗಿಡ್ಡ ಜಾತಿಯ ಟ್ರಕ್ಕುಗಳು. ಪುಟ್ಟಸ್ವಾಮಿ ಗದ್ದೆಯೊಳಗಿನಿಂದ ಕಬ್ಬು ಹೊರಗೆ ತರಲು ಒಂದನ್ನು ಕೂಗಿಕೊಂಡ. ಜೊತೆಗೆ ಸುಮ್ಮನೆ ನೋಡಿಬರಲು ಹೋಗಿದ್ದ ನಾನು ಇನ್ನೊಂದನ್ನು ಕೂಗಿಕೊಂಡೆ. ಯಾಕೆ ಕೂಗಿದೆ ಎಂದು ಇವತ್ತಿಗೂ ಜಯಮ್ಮ ಕೇಳುತ್ತಾಳೆ. ನನಗೆ ಕಬ್ಬಿಲ್ಲ, ಗದ್ದೆಯಿಲ್ಲ, ಮನೆಯ ಮುಂದೆ ಕೆಸರೂ ಇಲ್ಲ. ಶಾಲೆ ಮನೆಯಿಂದ ಕೂಗಳತೆ ದೂರ. ಸೈಕಲ್ ಹತ್ತಿದರೆ ಪೆಡಲು ಎರಡು ಸುತ್ತು ಬರುವಷ್ಟರಲ್ಲಿ ಇಳಿಯಬೇಕು. ಆದರೂ ಪುಟ್ಟಸ್ವಾಮಿ ಅಂಥದೊಂದು ಗಾಡಿಯಲ್ಲಿ ಕೂತು ಮಾವನ ಮನೆ ಬಾಗಿಲಿಗೆ ಬಂದು ಹಾರನ್ ಹೊಡೆಯುವ ಚಿತ್ರ ಕಣ್ಣಮುಂದೆ ಬಂದದ್ದೇ, ಕೈ ತಾನಾಗಿ ಮೇಲಕ್ಕೆ ಹೋಯಿತು. ಹರಾಜಿನವನು ಮೂರು ಸಲ ಕೂಗಿ ಸುತ್ತಿಗೆ ಕುಟ್ಟಿದ. ಹೀಗೆ ಯುದ್ಧ ನೋಡಿದ ಒಂದು ವಾಹನ ನಮ್ಮ ಹೆಂಚಿನ ಮನೆಯ ಮುಂದೆ ಬಂದು ನಿಂತು, ರಾಗಿ ಮಿಲ್ಲಿನಿಂದ ಹಿಟ್ಟು ತರುವ ಕೆಲಸಕ್ಕೆ ಸೇರಿಕೊಂಡಿತು.

ಎರಡೂ ಒಂದೇ ಜಾತಿ, ಒಂದೇ ಬಣ್ಣ, ಒಂದೇ ವಯಸ್ಸು. ಆದರೆ ಮಾವನವರು ಒಮ್ಮೆ ನನ್ನ ಗಾಡಿಯಲ್ಲಿ ಹಲಗೂರಿನಿಂದ ಮಳವಳ್ಳಿಗೆ ಬಂದವರು ಇಳಿದು, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಆಕಾಶ ನೋಡಿದರು. "ಒಸಿ ಎಗರ್ತದೆ ಅಲ್ವಾ ಮೇಷ್ಟ್ರೇ" ಎಂದರು. ಅದೇ ವಾರ ಪುಟ್ಟಸ್ವಾಮಿಯ ಗಾಡಿಯಲ್ಲಿ ಮದ್ದೂರಿಗೆ ಹೋಗಿಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, "ಮದ್ದೂರು ಬುಟ್ಟದ್ದೊಂದೇ ಗೊತ್ತು ಕಣವ್ವ ಜಯ. ಮಳವಳ್ಳಿ ಬಸ್ ಸ್ಟ್ಯಾಂಡಲ್ಲಿ ಬಸ್ಸುಗಳು ಬಡ್ಕಂಡಾಗಲೇ ಎಚ್ಚರ ಆಗಿದ್ದು. ತೊಟ್ಟಿಲಲ್ಲಿ ಮಲಗ್ದಂಗಿತ್ತು" ಎಂದು ಮಗಳಿಗೆ ವರದಿ ಕೊಟ್ಟರು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತೊಟ್ಟಿಲು ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಿದ್ದಿದ ಹದಿಮೂರು ಪತ್ರಿಕೆಗಳಲ್ಲಿ ಒಬ್ಬರೂ ಪಾಸಾಗಲಿಲ್ಲ. ಮಾರನೆಯ ದಿನ ಮತ್ತೆ ತಿದ್ದಿದೆ.

ಇದು ಬರೀ ಸವಾರಿಯ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಆ ವರ್ಷ ಮಾವನವರ ಕೊನೆಯ ಮಗಳು ಸುಶೀಲೆಯ ಮದುವೆ ಮದ್ದೂರಿನ ಹುಡುಗನೊಂದಿಗೆ ಗೊತ್ತಾಯಿತು. ಮಾವನವರ ಮನೆಯಲ್ಲಿ ಒಂದು ಕ್ರಮವಿದೆ. ಮನೆಯ ಹೆಣ್ಣು ಮದುವೆಗೆ ಹೊರಟಾಗ ಹಿರಿಯ ಅಳಿಯನ ಗಾಡಿಯಲ್ಲೇ ಕೂರಬೇಕು, ಹುಡುಗಿಯ ಅಪ್ಪ ಅದೇ ಗಾಡಿಯಲ್ಲಿ ಮುಂದೆ ಕೂರಬೇಕು. ಎತ್ತಿನ ಗಾಡಿಯ ಕಾಲದಲ್ಲಿ ಹಿರಿಯ ಅಳಿಯ ಹಗ್ಗ ಹಿಡಿಯುತ್ತಿದ್ದನಂತೆ. ಎರಡನೆಯವಳನ್ನು ಪುಟ್ಟಸ್ವಾಮಿಗೆ ಕೊಟ್ಟ ಮದುವೆಯ ಹೊತ್ತಿಗೆ ನಾನು ಹಿರಿಯ ಅಳಿಯನಾಗಿದ್ದೆನಾದರೂ ನನ್ನ ಬಳಿ ಇದ್ದದ್ದು ಸೈಕಲ್ಲು. ಹೆಣ್ಣು ಬಾಡಿಗೆ ವ್ಯಾನಿನಲ್ಲಿ ಹೋಯಿತು, ನಾನು ವ್ಯಾನಿನ ಧೂಳು ಕುಡಿಯುತ್ತ ಹಿಂದೆ ತುಳಿದುಕೊಂಡು ಹೋದೆ. ಆ ಧೂಳು ಇನ್ನೂ ಗಂಟಲಿನಲ್ಲಿದೆ. ಈಗ ಗಾಡಿ ಇದೆ, ಹಕ್ಕೂ ಇದೆ. ಆದರೆ ಮಾವನವರು ಜಯಮ್ಮನ ಹತ್ತಿರ ಮೆಲ್ಲಗೆ, "ಸೊಂಟ ನೋಯ್ತದೆ ಕಣವ್ವ, ಆವತ್ತು ಪುಟ್ಟಸ್ವಾಮಿ ಗಾಡೀಲಿ ಬಂದ್ರೆ ಮೇಷ್ಟ್ರು ಏನಾರ ಅಂದ್ಕತಾರಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಂದುಕೊಳ್ಳುವುದು ಏನು ಬಂತು, ಊಟವೇ ಸೇರಲಿಲ್ಲ.

ಮುಂದಿನ ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟವಾಗಿ ಎಲ್ಲರೂ ಎಲೆಯಡಿಕೆಗೆ ಕೂತಿದ್ದಾಗ ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದು, ಪಂಚೆ ಎತ್ತಿ ಕಟ್ಟಿ ಪುಟ್ಟಸ್ವಾಮಿಯ ಗಾಡಿಯ ಕೆಳಗೆ ತೂರಿದೆ. ಗಾಡಿ ಎಗರುವುದು ಬಿಡುವುದು ಕಮಾನಿನ ಮೇಲೆ ನಿಂತಿದೆ ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಚಕ್ರದ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರಲ್ಲ, ಅದೇ ಕಮಾನು. ಅದರ ಒಂದು ತುದಿ ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಬಿಗಿಯಾಗಿ ಕೂತಿರುತ್ತದೆ. ಇನ್ನೊಂದು ತುದಿ ಶಾಕಲ್ ಎಂಬ ಜೋಡಿ ಕೊಂಡಿಯಲ್ಲಿ ಉಯ್ಯಾಲೆಯ ಹಾಗೆ ನೇತಾಡುತ್ತದೆ. ಅವನ ಕಮಾನಿನಲ್ಲಿ ನನ್ನದಕ್ಕಿಂತ ಕಡಿಮೆ ಪಟ್ಟಿಗಳಿರಬೇಕು ಎಂಬುದು ನನ್ನ ಗುಮಾನಿ. ಬೆರಳಿಟ್ಟು ಎಣಿಸಿದೆ. ಒಂಬತ್ತು. ನನ್ನದೂ ಒಂಬತ್ತೇ. ಆ ಸಮಾನತೆ ನನಗೆ ಮಾಡಿದಷ್ಟು ದುಃಖವನ್ನು ಯಾವ ಅಸಮಾನತೆಯೂ ಮಾಡಿಲ್ಲ. ಇನ್ನೊಮ್ಮೆ ಎಣಿಸುತ್ತಿದ್ದಾಗ ಚಕ್ರದ ಪಕ್ಕದಲ್ಲಿ ಎರಡು ಪಾದಗಳು ಬಂದು ನಿಂತವು. ಮಾವನವರು ಬಗ್ಗಿ, "ಏನ್ ಮೇಷ್ಟ್ರೇ, ಕೋಳಿ ಏನಾರ ಒಳಕ್ಕೆ ಸೇರ್ಕತಾ?" ಎಂದರು. ಹೌದು ಎಂದೆ. ಬಿಳಿಯದೋ ಕೆಂಪೋ ಎಂದು ಕೇಳಿದರು. ಕೆಂಪು ಎಂದೆ. ಅವರು ಆ ದಿನವಿಡೀ ಮನೆಯ ಕೋಳಿಗಳನ್ನು ಎಣಿಸಿದರು.

ಮಂಡ್ಯದಲ್ಲಿ ಚನ್ನಾಚಾರಿ ಎಂಬವನ ಕುಲುಮೆಯಿದೆ. ಅವನ ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದ. ಇವನು ಲಾರಿಗಳ ಕಮಾನು ಕಟ್ಟುತ್ತಾನೆ. ಶಾಲೆಗೆ ರಜೆ ಹಾಕಿ ಅವನ ಬಳಿ ಹೋದೆ. ನನ್ನ ಸಂಕಟವನ್ನೆಲ್ಲ ಕೇಳಿ ಅವನು ಬೀಡಿ ಕಚ್ಚಿಕೊಂಡು, "ಸಾ, ನಿಮ್ ಗಾಡಿ ಭಾರ ಹೊರಕ್ಕೆ ಮಾಡಿರದು. ಅದ್ರಲ್ಲಿ ನೀವೊಬ್ರು, ಒಂದ್ ಚೀಲ ರಾಗಿಹಿಟ್ಟು. ಬರಿ ಗಾಡಿ ಎಗರ್ದೆ ಇನ್ನೇನ್ ಮಾಡೀತು? ಹಿಂದ್ಕೆ ನಾಕು ಮೂಟೆ ಮರಳು ಹಾಕ್ಕಳಿ, ಮೆತ್ತಗಾಯ್ತದೆ" ಎಂದ. ಪುಟ್ಟಸ್ವಾಮಿಯ ಗಾಡಿಯ ಹಿಂದೆ ಯಾವಾಗಲೂ ಬಿತ್ತನೆ ಕಬ್ಬೋ ಗೊಬ್ಬರದ ಮೂಟೆಯೋ ಇರುತ್ತದೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಮದುವೆ ಹೆಣ್ಣನ್ನು ಮರಳಿನ ಮೂಟೆಯ ಜೊತೆ ಕೂರಿಸುವುದೇ? ಅದೂ ಅಲ್ಲದೆ, ಪುಟ್ಟಸ್ವಾಮಿಯ ಗಾಡಿ ಮೆತ್ತಗಿರುವುದು ಅವನಿಗೆ ಹೊರಲು ಏನೋ ಇದೆ ಎಂಬ ಕಾರಣಕ್ಕೆ, ನನ್ನದು ಎಗರುವುದು ನನಗೆ ಏನೂ ಇಲ್ಲ ಎಂಬ ಕಾರಣಕ್ಕೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಮಾನು ಬದಲಾಯಿಸುವುದು ಸುಲಭವೆನಿಸಿತು.

ಚನ್ನಾಚಾರಿ ಯಾವುದೋ ಹಳೆಯ ವ್ಯಾನಿನಿಂದ ಬಿಚ್ಚಿದ ಒಂದು ಜೊತೆ ಹಿಂದಿನ ಕಮಾನು ತೋರಿಸಿದ. ತೆಳ್ಳಗಿನ ಪಟ್ಟಿ, ನೀಳವಾದ ಬಾಗು, ಕೈಯಿಂದ ಒತ್ತಿದರೂ ಬಳುಕುವಂತಿತ್ತು. ನನ್ನ ಗಾಡಿಯವಕ್ಕಿಂತ ಒಂದಿಷ್ಟು ಉದ್ದ. ಅದಕ್ಕೆ ಸರಿಹೊಂದುವ ಉದ್ದನೆಯ ಶಾಕಲ್ಲುಗಳನ್ನು ಅಲ್ಲೇ ಕಾಯಿಸಿ ಬಡಿದುಕೊಟ್ಟ. "ಗಾಡಿ ತಗಬನ್ನಿ ಸಾ, ಅರ್ಧ ದಿವ್ಸದಲ್ಲಿ ಕಟ್ಟಿಕೊಡ್ತೀನಿ" ಎಂದ. ಆದರೆ ಪುಟ್ಟಸ್ವಾಮಿಯೂ ಅವನ ಗಿರಾಕಿಯೇ. ನನ್ನ ಗಾಡಿ ಅಲ್ಲಿ ಕಮಾನು ಬಿಚ್ಚಿಕೊಂಡು ನಿಂತಿರುವಾಗ ಅವನು ಬಂದುಬಿಟ್ಟರೆ? 'ಏನಣ್ಣ, ಕಮಾನು ಬದಲಾಯಿಸ್ತಾ ಇದ್ದೀರಾ' ಎಂದು ಕೇಳಿಬಿಟ್ಟರೆ? ಬೇಡಪ್ಪ, ನಾನೇ ಕಟ್ಟಿಕೊಳ್ಳುತ್ತೇನೆ ಎಂದೆ. ಚನ್ನಾಚಾರಿ ನನ್ನ ಕೈಗಳನ್ನು ನೋಡಿದ. ಬೆರಳ ತುದಿಯಲ್ಲಿ ಸೀಮೆಸುಣ್ಣ ಇತ್ತು. ಆಮೇಲೆ ನಿಧಾನವಾಗಿ, "ಸಾ, ಪಟ್ಟಿ ಬಿಗಿದಿರೋ ಈ ಬೋಲ್ಟು ನಡೂಮಧ್ಯೆ ಇಲ್ಲ, ನೋಡ್ಕಳಿ. ಇತ್ಲಾಗೆ ಉದ್ದ, ಅತ್ಲಾಗೆ ಗಿಡ್ಡ. ಉದ್ದದ್ದು ಗಾಡಿ ಮುಂದ್ಕೆ ಬರಬೇಕು. ಎಡಗಡೆಗೂ ಅಂಗೇ, ಬಲಗಡೆಗೂ ಅಂಗೇ. ಮರೆತ್ರೆ ಕೆಡ್ತೀರಿ" ಎಂದ. ನಾನು ಚೀಟಿಯಲ್ಲಿ ಬರೆದುಕೊಂಡೆ. ಎರಡು ಕಮಾನುಗಳನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದಾಗ ಕಂಡಕ್ಟರು ಅದೇನೆಂದು ಕೇಳಿದ. ಮದುವೆ ಸಾಮಾನು ಎಂದೆ. ಹುಡುಗಿಗೆ ಇಷ್ಟು ಭಾರದ ಒಡವೆ ಎಲ್ಲಿ ಮಾಡಿಸಿದ್ರಿ ಸ್ವಾಮಿ ಎಂದ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ನಮ್ಮ ಬೀದಿ ಉತ್ತರ ದಕ್ಷಿಣವಾಗಿದೆ. ಗಾಡಿ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಹಿಂಭಾಗಕ್ಕೆ ಜಾಕಿ ಕೊಟ್ಟು, ಚಾಸಿಯ ಅಡಿಗೆ ಕಲ್ಲು ಪೇರಿಸಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಸೀಮೆಎಣ್ಣೆ ಕುಡಿಸಿದ್ದೆ. ಆ ಸೀಮೆಎಣ್ಣೆ ರೇಷನ್ ಕಾರ್ಡಿನದು. ಜಯಮ್ಮ ಮುಖ ಊದಿಸಿಕೊಂಡಿದ್ದಳು. ಗಾಡಿಯ ಕೆಳಗೆ ಅಂಗಾತ ಮಲಗಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅಲ್ಲಿ ಮುಂದೆ ಯಾವುದು, ಹಿಂದೆ ಯಾವುದು ಎಂದು ತಟ್ಟನೆ ತಿಳಿಯುವುದಿಲ್ಲ. ಎಲ್ಲೆಲ್ಲೂ ಕಬ್ಬಿಣ, ಗ್ರೀಸು, ಮಣ್ಣು. ನನ್ನ ತಲೆ ಗಾಡಿಯ ಮುಂಭಾಗದ ಕಡೆಗಿತ್ತು. ಹಾಗಾಗಿ ಚೀಟಿಯಲ್ಲಿದ್ದ ಸೂತ್ರವನ್ನು ಲೆಕ್ಕದ ಮೇಷ್ಟ್ರಿಗೆ ತಕ್ಕಂತೆ ಸರಳಗೊಳಿಸಿ, ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ 'ಉದ್ದ = ತಲೆ' ಎಂದು ಬರೆದುಕೊಂಡೆ. ಆ ಸೂತ್ರದಂತೆ ಬಲಗಡೆಯ ಕಮಾನು ಕೂರಿಸಿ, ಶಾಕಲ್ ಸಿಕ್ಕಿಸಿ, ಬೋಲ್ಟು ಬಿಗಿಯುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ತುಕ್ಕಿನ ಪುಡಿ ಕಣ್ಣಿಗೆ ಬೀಳದಿರಲೆಂದು ಮುಖದ ಮೇಲೆ ಟವೆಲ್ ಎಳೆದುಕೊಂಡು ಒಂದು ಗಳಿಗೆ ಸುಮ್ಮನೆ ಮಲಗಿದೆ.

ಆ ಹೊತ್ತಿಗೆ ಸರಿಯಾಗಿ ಜಯಮ್ಮ ಕಾಫಿ ತಂದವಳು ಕಿರುಚಿಕೊಂಡಳು. "ಅಯ್ಯೋ, ಉತ್ತರಕ್ಕೆ ತಲೆ ಹಾಕ್ಕೊಂಡು ಮಲಗಿದ್ದೀರಲ್ಲ! ಮದುವೆ ಎದುರಿಗಿಟ್ಕೊಂಡು ಇದೇನು ಅಪಶಕುನ!"

"ನಾನು ಮಲಗಿಲ್ಲ ಕಣೇ, ಕೆಲಸ ಮಾಡ್ತಿದ್ದೀನಿ."

"ಅಂಗಾತ ಬಿದ್ದಿದ್ದೀರಿ, ಮುಖಕ್ಕೆ ಬಟ್ಟೆ ಬೇರೆ ಮುಚ್ಕೊಂಡಿದ್ದೀರಿ. ಬೀದಿಯೋರು ಏನಂದ್ಕೋತಾರೆ? ಎದ್ದು ತಿರುಗಿ ಮಲಗ್ತೀರೋ, ನಾನೇ ಕಾಲು ಹಿಡ್ಕೊಂಡು ಎಳೀಲೋ?"

ಎದುರು ಮನೆಯ ಅಜ್ಜಿಯೂ ಜಗಲಿಯಿಂದ, "ತಿರಿಕ್ಕಳಿ ಮೇಷ್ಟ್ರೇ, ಎಂಡ್ತಿ ಮಾತು ಕೇಳಿ" ಎಂದು ದನಿಗೂಡಿಸಿತು. ನಾನು ಶಾಸ್ತ್ರಗಳನ್ನು ಅಷ್ಟಾಗಿ ನಂಬುವವನಲ್ಲ. ಆದರೆ ಗಾಡಿಯ ಕೆಳಗಿರುವ ಮನುಷ್ಯ ಯಾವುದನ್ನೂ ಪೂರ್ತಿ ಅಲ್ಲಗಳೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ತಲೆಯನ್ನು ದಕ್ಷಿಣಕ್ಕೆ ಮಾಡಿ ಮಲಗಿ, ಎಡಗಡೆಯ ಕಮಾನು ಕೈಗೆತ್ತಿಕೊಂಡೆ. ಸೂತ್ರ ಕಣ್ಣೆದುರಿಗೇ ಇತ್ತು. ಉದ್ದ ಸಮ ತಲೆ. ಉದ್ದದ ತುದಿಯನ್ನು ತಲೆಯ ಕಡೆಗೇ ಇಟ್ಟು, ಎರಡು ಸಲ ಸರಿನೋಡಿ, ಬಿಗಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಸಮೀಕರಣ ಕಲಿಸಿದ ನನಗೆ, ಸಮೀಕರಣದ ಒಂದು ಪಕ್ಕವನ್ನು ನಾನೇ ಈಗಷ್ಟೇ ಉಲ್ಟಾ ಮಾಡಿಕೊಂಡಿದ್ದೇನೆ ಎಂದು ಹೊಳೆಯಲೇ ಇಲ್ಲ.

ಸೋಮವಾರ ಶಾಲೆಗೆ ಯಾವುದೋ ಜಯಂತಿಯ ರಜೆ. ಜಯಮ್ಮ ಗಾಡಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣಿನ ಮೇಲೆ ಹತ್ತಿದ್ದೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ. ಹಲಗೂರಿಗೆ ಹೋಗಿ, ಮದ್ದೂರಿನ ಬೀಗರ ಮನೆಗೆ ಮಾತುಕತೆಗೆ ಹೊರಟಿದ್ದ ಮಾವನವರನ್ನು ಹತ್ತಿಸಿಕೊಂಡೆ. ಊರು ದಾಟಿದ ಮೇಲೆ, "ಹೇಗಿದೆ ಮಾವ?" ಎಂದೆ.

"ಮೆತ್ತಗದೆ ಮೇಷ್ಟ್ರೇ. ಎಗರೋದೇ ಇಲ್ವಲ್ಲ" ಎಂದರು.

ಆ ಒಂದು ಮಾತಿಗೆ ನನ್ನ ಎರಡು ವರ್ಷದ ಉರಿ ತಣ್ಣಗಾಯಿತು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ಸುಮ್ಮನಿರಲು ಬರುತ್ತದೆಯೇ? ಪುಟ್ಟಸ್ವಾಮಿಯ ಗಾಡಿಯ ಕಮಾನು ಎಷ್ಟು ಒರಟು, ಅವನು ಗೇರು ಹಾಕುವುದು ಎಷ್ಟು ಮೊರಟು, ಕಬ್ಬಿನ ಸಿಪ್ಪೆ ತುಂಬಿದ ಗಾಡಿಯಲ್ಲಿ ಮದುಮಗಳು ಕೂತರೆ ಸೀರೆಯ ಗತಿ ಏನು ಎಂದು ವಿವರಿಸುತ್ತ ಬಂದೆ. ಮಾವನವರು ಹೂಂ ಎನ್ನುತ್ತ ಮುಂದಿನ ಗಾಜಿನಾಚೆ ನೋಡುತ್ತಿದ್ದರು. ಆಗ ರಸ್ತೆಯ ಬದಿಗೆ ಮೈಲಿಕಲ್ಲುಗಳು ಹೋಗಿ ಕಿಲೋಮೀಟರ್ ಕಲ್ಲುಗಳು ಬಂದಿದ್ದವು. ಅವೆಲ್ಲ ಇವತ್ತು ಯಾಕೋ ಕಣ್ಣಿನ ನೇರಕ್ಕೆ ಬರುತ್ತಿವೆ ಎನಿಸುತ್ತಿತ್ತು. ಗಾಳಿಗೆ ಗಾಡಿ ಒಂದು ಕಡೆಗೆ ವಾಲುತ್ತಿದೆ ಎಂದುಕೊಂಡು ಸ್ಟೀರಿಂಗ್ ಎಳೆದು ಹಿಡಿದಿದ್ದೆ. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ. ಮಳವಳ್ಳಿ ದಾಟಿದ ಮೇಲೆ ಎದುರಿಗೆ ಬಂದ ಎತ್ತಿನ ಗಾಡಿಯವನು ನಮ್ಮನ್ನು ನೋಡಿ ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಕೊನೆಗೆ ಎತ್ತುಗಳ ಸಮೇತ ಗದ್ದೆಗೆ ಇಳಿದ. "ಮೂತಿ ಅತ್ಲಾಗೆ, ಮೈ ಇತ್ಲಾಗೆ! ಎತ್ಲಾಗ್ ಓಯ್ತೀರಾ ಅಂತ ಮೊದ್ಲು ನಿಗದಿ ಮಾಡ್ಕಳಿ!" ಎಂದು ಕೂಗಿದ. ಮಾವನವರು ನಿಧಾನವಾಗಿ ನನ್ನ ಕಡೆಗೆ ತಿರುಗಿದರು.

"ಮೇಷ್ಟ್ರೇ, ನಾವು ಮದ್ದೂರಿಗೆ ತಾನೆ ಓಗ್ತಿರದು?"

"ಹೌದು ಮಾವ."

"ಇಲ್ಲ, ಎದುರಿಗೆ ರಸ್ತೆನೇ ಕಾಣ್ತಿಲ್ಲ. ಆಗ್ಲಿಂದ ಬರೀ ಕಬ್ಬಿನ ಗದ್ದೆ ಕಾಣ್ತದೆ, ಅದ್ಕೆ ಕೇಳ್ದೆ."

ದೊಡ್ಡಿ ಇನ್ನೂ ಒಂದೆರಡು ಕಿಲೋಮೀಟರ್ ಇದ್ದಾಗ ಹಿಂದಿನಿಂದ ಬಿಡದೆ ಹಾರನ್ ಕೇಳಿಸಿತು. ಬಿತ್ತನೆ ಕಬ್ಬು ಹೇರಿಕೊಂಡು ಪುಟ್ಟಸ್ವಾಮಿ ಬರುತ್ತಿದ್ದ. ಇಡೀ ಜಿಲ್ಲೆಯಲ್ಲಿ ಆ ಗಳಿಗೆಯಲ್ಲಿ ನಾನು ನೋಡಲು ಬಯಸದಿದ್ದ ಮುಖ ಅದೊಂದೇ. ನಿಲ್ಲಿಸಿದೆ. ಅವನು ಇಳಿದು ಬಂದು, "ಅಣ್ಣ, ನಿಮ್ ಹಿಂದಿನ ಅಚ್ಚು ಸೊಟ್ಟಗೆ ಕುಂತದೆ. ಒಂದು ಚಕ್ರ ಮುಂದ್ಕದೆ, ಇನ್ನೊಂದು ಹಿಂದ್ಕದೆ. ಏಡಿ ಥರ ಅಡ್ಡಡ್ಡ ಓಯ್ತಾ ಇದ್ದೀರಾ" ಎಂದ. ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಮಾವನವರನ್ನು ತನ್ನ ಗಾಡಿಯಲ್ಲಿ ಕೂರಿಸಿ, ಇಂಜಿನ್ ನಿಲ್ಲಿಸದೆ ಬಿಟ್ಟು, ಜಾಕಿ ಎತ್ತಿಕೊಂಡು ಬಂದು, ತಲೆ ಯಾವ ದಿಕ್ಕಿಗೆ ಎಂದೂ ನೋಡದೆ ನನ್ನ ಗಾಡಿಯ ಕೆಳಗೆ ನುಗ್ಗಿದ. ಆಮೇಲೆ ಒಳಗಿನಿಂದ ದನಿ ಬಂತು. "ಅಣ್ಣ, ಇಲ್ಲಿ ಉದ್ದ ಅಂದ್ರೆ ತಲೆ ಅಂತ ಬರ್ದದೆ. ಯಾರ ತಲೆ?"

ನನ್ನ ತಲೆ ಎಂದೆ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಉತ್ತರ, ದಕ್ಷಿಣ, ಜಯಮ್ಮ, ಎದುರು ಮನೆಯ ಅಜ್ಜಿ, ಎಲ್ಲವನ್ನೂ ಹೇಳಿದೆ. ಪುಟ್ಟಸ್ವಾಮಿ ಎಡಗಡೆಯ ಕಮಾನು ಬಿಚ್ಚಿ ತಿರುಗಿಸಿ ಕಟ್ಟತೊಡಗಿದ. ನಾನು ರಸ್ತೆಯಲ್ಲಿ ಮಂಡಿಯೂರಿ ಅವನು ಕೇಳಿದ ಸ್ಪ್ಯಾನರು ಕೊಡುತ್ತಿದ್ದೆ. ಪಕ್ಕದ ಗಾಡಿಯಲ್ಲಿ ಮಾವನವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಅವನ ಗಾಡಿ ಚಲಿಸುತ್ತಲೂ ಇರಲಿಲ್ಲ. ನಿಂತ ಗಾಡಿಯಲ್ಲೂ ನಿದ್ದೆ! ಆ ಗೊರಕೆಯ ಒಂದೊಂದು ಎಳೆತವೂ ನನ್ನ ಹೊಟ್ಟೆಯೊಳಗೆ ಗರಗಸದಂತೆ ಆಡುತ್ತಿತ್ತು. ಆಗ ಕೆಳಗಿನಿಂದ ಪುಟ್ಟಸ್ವಾಮಿ, ಬೋಲ್ಟು ಬಿಗಿಯುತ್ತಲೇ, "ನಿಮ್ದೇ ಪುಣ್ಯ ಬುಡಣ್ಣ. ನಿಮ್ಮನ್ನ ಮಾವ ಮೇಷ್ಟ್ರೇ ಬನ್ನಿ ಅಂತಾರೆ. ನನ್ನ ಇನ್ನೂ ಬಾರ್ಲಾ ಓಗ್ಲಾ ಅಂತಾರೆ, ನನ್ ಮಕ್ಕಳ ಮುಂದೇನೇ. ನಂಗೂ ಒಸಿ ಮರ್ಯಾದೆ ಬ್ಯಾಡ್ವಾ? ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರೀತದೆ" ಎಂದ. ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವನು ಜಗತ್ತಿನಲ್ಲಿ ಒಬ್ಬನಿದ್ದಾನೆ, ಅದೂ ನನಗೆ ಬೇಡವಾದ ವಸ್ತುವಿಗಾಗಿ! ಕೊಡುವಂತಿದ್ದರೆ ಅಲ್ಲೇ ಬಿಚ್ಚಿ ಕೊಟ್ಟುಬಿಡುತ್ತಿದ್ದೆ.

ಕೆಲಸ ಮುಗಿದು ಮಾವನವರನ್ನು ಎಬ್ಬಿಸಿದ ಮೇಲೆ ನಾನು ನೇರವಾಗಿ ಕೇಳಿಬಿಟ್ಟೆ. ಮದುವೆಯ ದಿನ ಅವರು ಯಾವ ಗಾಡಿಯಲ್ಲಿ ಬರುತ್ತಾರೆ? ಕಮಾನು ಮೆತ್ತಗಾಗಿದೆ, ಅಚ್ಚು ನೆಟ್ಟಗಾಗಿದೆ, ಇನ್ನೇನು ತೊಂದರೆ? ಮಾವನವರು ಮುಖ ಒರೆಸಿಕೊಂಡರು. "ಹುಡ್ಗಿ ನಿಮ್ ಗಾಡೀಲೇ ಕುಂತ್ಕತಳೆ ಮೇಷ್ಟ್ರೇ, ಅದು ನಮ್ಮನೆ ಕ್ರಮ, ಅದನ್ನ ನಾನು ಬುಡಾಕಿಲ್ಲ. ನಾನು ಮಾತ್ರ ಇವನ ಗಾಡೀಲಿ ಬತ್ತೀನಿ. ಬೇಜಾರು ಮಾಡ್ಕಬ್ಯಾಡಿ. ಕಮಾನು ಪಾಪ ಏನು ಮಾಡೀತು? ಮೂವತ್ತು ವರ್ಸ ಕರೆಂಟು ಮನೇಲಿ ಆ ಗುಂಯ್ ಅನ್ನೋ ಸದ್ದಲ್ಲೇ ಇದ್ದೋನು ನಾನು. ಇವನ ಗಾಡೀಲಿ ಕುಂತ್ರೆ ಬರೀ ಇಂಜಿನ್ ಸದ್ದು, ನಿದ್ದೆ ಬತ್ತದೆ. ನಿಮ್ ಗಾಡೀಲಿ ಕುಂತ್ರೆ ಹಲಗೂರಿಂದ ಮದ್ದೂರುಗಂಟ ಪುಟ್ಟಸ್ವಾಮಿ ಸುದ್ದಿನೇ. ಎಲ್ಲಿ ಮಲಗಾದು?" ಎಂದರು. ಪುಟ್ಟಸ್ವಾಮಿ ಜಾಕಿ ಒರೆಸುವ ನೆಪದಲ್ಲಿ ತನ್ನ ಗಾಡಿಯ ಹಿಂದಕ್ಕೆ ಹೋದ. ನನಗೆ ಹೋಗಲು ಜಾಗವಿರಲಿಲ್ಲ. ನನ್ನ ಗಾಡಿಯನ್ನು ಎಗರಿಸುತ್ತಿದ್ದದ್ದು ನಾನೇ ಎಂದು ಕೇಳಿಸಿಕೊಳ್ಳುವುದು, ನಟ್ಟನಡು ರಸ್ತೆಯಲ್ಲಿ, ಗ್ರೀಸು ಮೆತ್ತಿದ ಕೈಯಲ್ಲಿ, ಯಾರಿಗೂ ಬೇಡ.

ಮದುವೆಯ ದಿನ ಸುಶೀಲೆಯನ್ನು ಕೂರಿಸಿಕೊಂಡು ಹೊರಟೆ. ಗಾಡಿ ರಸ್ತೆ ನೋಡಿಕೊಂಡೇ ಹೋಯಿತು. ಬಾಯಿ ಹೊಲಿದುಕೊಂಡು ಕೂತಿದ್ದೆ. ಮದ್ದೂರು ಬಂದಾಗ ಸುಶೀಲೆ ಕಣ್ಣೊರೆಸಿಕೊಂಡು, "ಭಾವ, ದಾರೀಲಿ ಒಂದು ಮಾತೂ ಆಡ್ಲಿಲ್ಲ. ನಾನು ಹೋಗ್ತೀನಿ ಅಂತ ನಿಮಗೂ ಇಷ್ಟು ದುಃಖವಾ?" ಎಂದಳು. ಹೌದಮ್ಮ ಎಂದೆ. ನಿಜವಾಗಿ ನಾನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದಿನ ಗಾಡಿಯನ್ನು ನೋಡುತ್ತಿದ್ದೆ. ಅದರಲ್ಲಿ ಮಾವನವರು ರೇಷ್ಮೆ ಪೇಟದ ಸಮೇತ ಪುಟ್ಟಸ್ವಾಮಿಯ ಭುಜಕ್ಕೆ ಒರಗಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಕೆಲವು ತಿಂಗಳ ಮೇಲೆ ಒಂದು ದಿನ ನನ್ನ ಸರದಿ ಬಂತು. ಮಾವನವರು ಮಗಳನ್ನು ನೋಡಲು ಮದ್ದೂರಿಗೆ ಹೋಗಿದ್ದರು. ಪುಟ್ಟಸ್ವಾಮಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದ. ಕರೆತರಲು ನಾನೇ ಹೋದೆ. ಮಧ್ಯಾಹ್ನ ಬೀಗರ ಮನೆಯಲ್ಲಿ ಗಡದ್ದಾಗಿ ಉಂಡಿದ್ದ ಮಾವನವರು ಹತ್ತಿ ಕೂತರು. ನಾನು ತುಟಿ ಎರಡು ಮಾಡಲಿಲ್ಲ. ದೊಡ್ಡಿ ಬರುವಷ್ಟರಲ್ಲಿ ಅವರ ತಲೆ ತೂಗಿತು. ಆಮೇಲೆ ನನ್ನ ಭುಜದ ಮೇಲೆ ಬಂದು ಕೂತಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ! ಪುಟ್ಟಸ್ವಾಮಿಯ ದಾಖಲೆ ಮದ್ದೂರಿನಿಂದ ಮಳವಳ್ಳಿ ಬಸ್ ಸ್ಟ್ಯಾಂಡಿನವರೆಗೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಬಸ್ ಸ್ಟ್ಯಾಂಡನ್ನೇ ತಪ್ಪಿಸಿ ಹಿಂದಿನ ಗಾಡಿದಾರಿಯಲ್ಲಿ ನುಗ್ಗಿಸಿದೆ. ನಾಲ್ಕು ಚಕ್ರದ ಎಳೆತ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ದಾಖಲೆ ಮುರಿಯಿತು. ಹಲಗೂರೂ ಬಂತು, ಮಾವನವರ ಮನೆಯೂ ಬಂತು. ಜಗಲಿಯ ಮೇಲೆ ಅತ್ತೆ ಎದ್ದು ನಿಂತರು. ನಾನು ನಿಲ್ಲಿಸಲಿಲ್ಲ. ಇನ್ನೊಂದು ನಾಲ್ಕು ಕಿಲೋಮೀಟರ್ ಸೇರಿಕೊಳ್ಳಲಿ ಎಂದು ಕನಕಪುರದ ರಸ್ತೆಯಲ್ಲಿ ಮುಂದಕ್ಕೆ ಹೊಡೆದೆ. ಆಗ ಮಾವನವರು ಕಣ್ಣು ತೆರೆಯದೆಯೇ, ತೊದಲು ದನಿಯಲ್ಲಿ, "ಊರು ಬಂತೇನ್ಲಾ ಪುಟ್ಟಸ್ವಾಮಿ?" ಎಂದರು. ಎಚ್ಚರವಾದರೆ ಎಲ್ಲ ಮುಗಿಯಿತು. ಪುಟ್ಟಸ್ವಾಮಿಯ ದನಿಯನ್ನೇ ಮಾಡಿಕೊಂಡು, "ಇನ್ನೂ ಇಲ್ಲ ಕಣ್ ಮಾವ, ಮಲಿಕ್ಕಳಿ" ಎಂದೆ. ಅವರು ನನ್ನ ಭುಜಕ್ಕೆ ಇನ್ನಷ್ಟು ಒತ್ತಿಕೊಂಡು ಮಲಗಿದರು.

ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದಾಗ ಅವರಿಗೆ ಎಚ್ಚರವಾಯಿತು. ಮೈಮುರಿದು, ನನ್ನನ್ನು ನೋಡಿ, ಗಾಡಿಯ ಹಿಂದೆ ಮುಂದೆ ಎಲ್ಲ ನೋಡಿದರು. "ಮಧ್ಯದಲ್ಲಿ ಪುಟ್ಟಸ್ವಾಮಿ ಓಡಿಸ್ದಂಗಿತ್ತು ಮೇಷ್ಟ್ರೇ, ಅವನ ಮಾತು ಕೇಳಿಸ್ತು. ಎಲ್ಲಿಳ್ದ ಅವನು?" ಎಂದು ಕೇಳಿದರು. ಆ ದನಿ ನನ್ನದೇ ಎಂದು ಹೇಳಲು ಬಾಯಿ ತೆರೆದೆ. ಮಾವನಿಗೆ ನಿದ್ದೆ ಕೆಡಬಾರದೆಂದು ಷಡ್ಡಕನ ದನಿ ಅಣಕಿಸಿದೆ ಎಂದು ಒಬ್ಬ ಹೈಸ್ಕೂಲ್ ಮೇಷ್ಟ್ರು ಹೇಗೆ ಹೇಳುವುದು? "ಮಳವಳ್ಳೀಲಿ ಇಳಿದ ಮಾವ" ಎಂದೆ.

"ಅದ್ಕೇ ಮತ್ತೆ" ಎಂದರು ಮಾವನವರು, ಇಳಿಯುತ್ತ. "ನಿಮ್ ಗಾಡೀಲಿ ಅಂಥಾ ನಿದ್ದೆ ಹೆಂಗ್ ಬಂತು ಅಂತ ನಂಗೇ ಆಶ್ಚರ್ಯ ಆಗಿತ್ತು."

ನಾನು ಗಾಡಿ ತಿರುಗಿಸಿಕೊಂಡು ಮಳವಳ್ಳಿಗೆ ಬಂದೆ. ಜಯಮ್ಮ ಬಾಗಿಲಿಗೆ ಬಂದು, ಅಪ್ಪ ಹೇಗೆ ಬಂದರು, ಸೊಂಟ ನೋಯಿತಂತೆಯೇ ಎಂದು ಕೇಳಿದಳು. ನಾನು ಜಗಲಿಯ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ತಾ ಎಂದೆ.